ಅರವತ್ತರಿಂದ ಒಂದಕ್ಕೆ: ಆಶಾ ಹೆಸರಿನ ಇಂಗ್ಲಿಷ್ ಹಾಡು

1998ರ ಫೆಬ್ರುವರಿ 22, ಭಾನುವಾರ ಸಂಜೆ. ಬ್ರಿಟನ್ನಿನಲ್ಲಿ ಆ ವಾರ ಅತಿ ಹೆಚ್ಚು ಮಾರಾಟವಾದ ಹಾಡುಗಳ ಪಟ್ಟಿಯನ್ನು ಬಿಬಿಸಿಯ ರೇಡಿಯೊ ಒನ್ ವಾಡಿಕೆಯಂತೆ ಕೆಳಗಿನಿಂದ ಮೇಲಕ್ಕೆ ಓದುತ್ತಾ ಬಂತು. ಹಿಂದಿನ ವಾರ ಅಗ್ರಸ್ಥಾನದಲ್ಲಿದ್ದದ್ದು ‘ಟೈಟಾನಿಕ್’ ಚಿತ್ರಕ್ಕಾಗಿ ಸೆಲಿನ್ ಡಿಯಾನ್ ಹಾಡಿದ ಗೀತೆ. ಜಗತ್ತೆಲ್ಲ ಆ ಹಡಗಿನ ಜೊತೆ ಮುಳುಗೇಳುತ್ತಿದ್ದ ಕಾಲ ಅದು. ಅಂಥ ಹಾಡನ್ನು ಆ ವಾರ ಕೆಳಗಿಳಿಸಿದ್ದು ಒಂದು ಸಣ್ಣ ಕಂಪೆನಿಯ ಧ್ವನಿಮುದ್ರಿಕೆ. ಹಾಡಿದವರು ಪಂಜಾಬಿ ಕುಟುಂಬವೊಂದರ ಮಗ. ಹಾಡಿನ ವಸ್ತು ಮುಂಬಯಿಯ ಹಿನ್ನೆಲೆ ಗಾಯಕಿ ಆಶಾ ಭೋಸಲೆ. ತಂಡದ ಹೆಸರು ‘ಕಾರ್ನರ್‌ಶಾಪ್’, ಹಾಡಿನ ಹೆಸರು ‘ಬ್ರಿಮ್‌ಫುಲ್ ಆಫ್ ಆಶಾ’.

ಅಗ್ರಪಟ್ಟ ಒಂದೇ ವಾರದ್ದು. ಮುಂದಿನ ಭಾನುವಾರ ಮಡೋನಾ ಅವರ ‘ಫ್ರೋಜನ್’ ಆ ಜಾಗಕ್ಕೆ ಬಂತು. ಅದರ ಮುಂದಿನ ವಾರ ಟೈಟಾನಿಕ್ ಹಾಡು ಮತ್ತೆ ಮೇಲೆದ್ದಿತು. ಹಾಗಿದ್ದರೂ ಕಾರ್ನರ್‌ಶಾಪಿನ ಹಾಡು ಅಲ್ಲಿಗೆ ಮರೆಯಾಗಲಿಲ್ಲ. ಕಾಲು ಶತಮಾನ ದಾಟಿದ ಮೇಲೂ ಬ್ರಿಟನ್ನಿನ ಮದುವೆಮನೆಗಳಲ್ಲಿ, ರೇಡಿಯೊದಲ್ಲಿ, ತೊಂಬತ್ತರ ದಶಕದ ಹಾಡುಗಳನ್ನು ಹೆಕ್ಕಿ ಮಾಡುವ ಸಂಕಲನಗಳಲ್ಲಿ ಅದು ಕೇಳಿಬರುತ್ತದೆ. ಆದರೆ ಹಾಗೆ ಕೇಳಿಬರುವುದು ಯಾವ ಹಾಡು ಎಂಬುದೊಂದು ಪ್ರಶ್ನೆ. ಏಕೆಂದರೆ ‘ಬ್ರಿಮ್‌ಫುಲ್ ಆಫ್ ಆಶಾ’ ಒಂದಲ್ಲ, ಎರಡು. ಮೊದಲನೆಯದು 1997ರ ಆಗಸ್ಟಿನಲ್ಲಿ ಬಂದು, 60ನೆಯ ಸ್ಥಾನ ತಲುಪಿ ಜಾರಿಹೋಗಿತ್ತು. ಅದೇ ಹಾಡು ಆರು ತಿಂಗಳ ಬಳಿಕ ಬೇರೊಂದು ವೇಗದಲ್ಲಿ ತಿರುಗಿ ಬಂದು ಗೆದ್ದಿತು.

ಶೀರ್ಷಿಕೆಯನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ಬ್ರಿಮ್‌ಫುಲ್’ ಎಂದರೆ ಅಂಚಿನವರೆಗೆ ತುಂಬಿದ, ಇನ್ನೇನು ತುಳುಕಲಿರುವ ಎಂದು. ಆಶಾ ಎಂಬುದು ಗಾಯಕಿಯ ಹೆಸರೂ ಹೌದು, ಭರವಸೆಯೂ ಹೌದು. ಈ ಶ್ಲೇಷೆ ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಹೊಳೆಯುತ್ತದೆ. ಆದರೆ ಹಾಡಿಗೆ ಕುಣಿದ ಲಕ್ಷಾಂತರ ಬ್ರಿಟಿಷರಲ್ಲಿ ಬಹುಪಾಲು ಮಂದಿಗೆ ಅದು ಸುಮ್ಮನೆ ಬಾಯಿಗೆ ಹಿತವಾದ ಎರಡಕ್ಷರ. ಹಾಡಿನ ಗೆಲುವೂ ಅದರೊಳಗಿನ ಸಣ್ಣದೊಂದು ನೋವೂ ಇಲ್ಲಿಯೇ ಇವೆ.

ತಟ್ಟೆಗಳ ಹಾಡು

ಹಾಡು ಹೇಳುವುದಾದರೂ ಏನನ್ನು? ಅದರಲ್ಲಿ ಪ್ರೇಮವಿಲ್ಲ, ವಿರಹವಿಲ್ಲ. ಪರದೆಯ ಮೇಲೆ ಕುಣಿಯುವವರು ಒಬ್ಬರು, ಅವರಿಗೆ ಕಂಠ ಕೊಡುವವರು ಇನ್ನೊಬ್ಬರು ಎಂಬ ನಮ್ಮ ಸಿನಿಮಾದ ಪದ್ಧತಿಯನ್ನು ಅದು ಬಣ್ಣಿಸುತ್ತದೆ. ಹಿನ್ನೆಲೆ ಗಾಯನಕ್ಕೇ ಬೆರಗಾಗಿ ಇಂಗ್ಲಿಷಿನಲ್ಲಿ ಹಾಡೊಂದನ್ನು ಕಟ್ಟಿದ ನಿದರ್ಶನ ಅಪರೂಪ. ನಡುವೆ ಸರ್ಕಾರದ ಎಚ್ಚರಿಕೆಗಳು, ಸರಳ ಜೀವನದ ಉಪದೇಶ, ಕಟ್ಟುತ್ತಿರುವ ಅಣೆಕಟ್ಟುಗಳು ಇವೆಲ್ಲ ಸುಳಿದು ಹೋಗುತ್ತವೆ. ಅವುಗಳ ಗೊಡವೆ ಬೇಡ, ಹಾಡು ಸಾಕು ಎಂಬ ಧಾಟಿ. ಪಲ್ಲವಿಯಲ್ಲಿ ಬರುವುದು ತಲೆಯಿಟ್ಟು ಒರಗಲು ತಾಯ ಮಡಿಲಿನಂಥ ಒಂದು ಆಸರೆಯ ಮಾತು. ಇಂಗ್ಲಿಷ್ ಕಿವಿಗಳಿಗೆ ಅದು ಸ್ವಲ್ಪ ತುಂಟತನದ್ದಾಗಿ ಕೇಳಿಸಿ ನಗೆಯನ್ನೂ ಹುಟ್ಟಿಸಿತು. ಆಮೇಲೆ ಒಂದು ದೊಡ್ಡ ಪಟ್ಟಿ. ಪ್ರತಿ ಹೆಸರಿನ ಹಿಂದೆಯೂ ‘45’ ಎಂಬ ಅಂಕಿ.

ಈ ನಲವತ್ತೈದು ಎಂದರೆ ನಿಮಿಷಕ್ಕೆ 45 ಸುತ್ತು ತಿರುಗುವ ಏಳಂಗುಲದ ಧ್ವನಿಮುದ್ರಿಕೆ. ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪೆನಿ 1949ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಪಾಶ್ಚಾತ್ಯರಲ್ಲಿ ಅದು ಮಗ್ಗುಲಿಗೊಂದು ಹಾಡಿನ ‘ಸಿಂಗಲ್’. ನಮ್ಮಲ್ಲಿ ಎಚ್‌ಎಂವಿ ಕಂಪೆನಿ ಅದೇ ಅಳತೆಯ ತಟ್ಟೆಯಲ್ಲಿ ಮಗ್ಗುಲಿಗೆ ಎರಡರಂತೆ ನಾಲ್ಕು ಚಿತ್ರಗೀತೆಗಳನ್ನು ತುಂಬಿ ಮಾರುತ್ತಿತ್ತು. ಕಲ್ಕತ್ತೆಯ ಡಂಡಂ ಕಾರ್ಖಾನೆಯಲ್ಲಿ ಒತ್ತಿದ ಆ ತಟ್ಟೆಗಳ ನಡುವೆ ಗ್ರಾಮಫೋನಿನ ಮುಂದೆ ಕುಳಿತ ನಾಯಿಯ ಚಿತ್ರ. ಹಳೆಯ ಮನೆಗಳ ಅಟ್ಟದಲ್ಲಿ ಹುಡುಕಿದರೆ ಈಗಲೂ ಒಂದೆರಡು ಸಿಕ್ಕಾವು.

ಪಟ್ಟಿಯಲ್ಲಿ ಮಹಮ್ಮದ್ ರಫಿ ಇದ್ದಾರೆ, ಲತಾ ಮಂಗೇಶ್ಕರ್ ಇದ್ದಾರೆ. ಅವರ ಪಕ್ಕದಲ್ಲೇ ಫ್ರಾನ್ಸಿನ ಗಾಯಕ ಜಾಕ್ ದ್ಯುತ್ರಾಂ, ಇಂಗ್ಲೆಂಡಿನ ರಾಕ್ ಗಾಯಕ ಮಾರ್ಕ್ ಬೊಲಾನ್. ಜಮೈಕಾದ ಸಂಗೀತವನ್ನು ಬ್ರಿಟನ್ನಿಗೆ ಹಂಚಿದ ಟ್ರೋಜನ್ ಕಂಪೆನಿಯ ಹೆಸರೂ ಬರುತ್ತದೆ. ಹಾಡುವವರಷ್ಟೇ ಅಲ್ಲ, ಹಾಡು ಕೇಳಿಸುವ ಯಂತ್ರಗಳಿಗೂ ಇಲ್ಲಿ ಸಮಾನ ಮರ್ಯಾದೆ: ಫರ್ಗ್ಯುಸನ್ ಕಂಪೆನಿಯ ಪೆಟ್ಟಿಗೆ, ಸಾಲಿಡ್ ಸ್ಟೇಟ್ ರೇಡಿಯೊ ಮತ್ತು ‘ಟೂ ಇನ್ ಒನ್’. ಈ ಕೊನೆಯದನ್ನು ಕೇಳಿದಾಗ ನಮ್ಮವರ ಮುಖ ಅರಳುತ್ತದೆ. ಕ್ಯಾಸೆಟ್ಟೂ ರೇಡಿಯೊವೂ ಒಂದರಲ್ಲೇ ಇರುವ ಆ ಪೆಟ್ಟಿಗೆ ಎಂಬತ್ತರ ದಶಕದಲ್ಲಿ ಕರ್ನಾಟಕದ ಎಷ್ಟು ಮನೆಗಳಲ್ಲಿ ಕಸೂತಿ ಬಟ್ಟೆ ಹೊದ್ದು ಕುಳಿತಿರಲಿಲ್ಲ! ಗಲ್ಫಿನಿಂದ ಬಂದ ನೆಂಟರು ತರುತ್ತಿದ್ದ ಉಡುಗೊರೆಗಳಲ್ಲಿ ಅದಕ್ಕೆ ಅಗ್ರಸ್ಥಾನವಿತ್ತು.

ಆಲ್ ಇಂಡಿಯಾ ರೇಡಿಯೊ ಕೂಡ ಈ ಪಟ್ಟಿಯಲ್ಲಿದೆ. ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲಿ ಆರಂಭಿಸಿದ ಬಾನುಲಿ ಕೇಂದ್ರದಿಂದಲೇ ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದದ್ದು. ಚಿತ್ರಗೀತೆಗಳ ಗುಣಗಾನ ಮಾಡುವ ಹಾಡಿನಲ್ಲಿ ಆಕಾಶವಾಣಿಗೆ ಜಾಗ ಸಿಕ್ಕಿದ್ದು ಒಂದು ತಮಾಷೆಯೇ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಚಿತ್ರಗೀತೆಗಳು ಅಭಿರುಚಿ ಕೆಡಿಸುತ್ತವೆಂದು ಬಗೆದು ಅವುಗಳಿಗೆ ಕಡಿವಾಣ ಹಾಕಿದ್ದರು. ಕೇಳುಗರು ಸುಮ್ಮನಿರಲಿಲ್ಲ. ಮುಳ್ಳನ್ನು ರೇಡಿಯೊ ಸಿಲೋನಿನತ್ತ ತಿರುಗಿಸಿ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ಕ್ಕೆ ಕಿವಿಯಿಟ್ಟರು. ಕೊನೆಗೆ 1957ರ ಅಕ್ಟೋಬರ್ 3ರಂದು ‘ವಿವಿಧ ಭಾರತಿ’ಯನ್ನು ಆರಂಭಿಸಿ ಸರ್ಕಾರವೇ ಸೋಲೊಪ್ಪಿಕೊಳ್ಳಬೇಕಾಯಿತು.

ಲತಾ, ರಫಿ ಇದ್ದೂ ಕಿರೀಟ ಆಶಾ ಅವರಿಗೇ ಸಂದದ್ದೇಕೆ? ಹೆಸರಿನ ಶ್ಲೇಷೆ ಒಂದು ಕಾರಣ. ಇನ್ನೊಂದು, ಹಿಂದಿ ಸಿನಿಮಾದಲ್ಲಿ ಲತಾ ಸೌಮ್ಯ ನಾಯಕಿಯ ಕಂಠವಾದರೆ ನೈಟ್‌ಕ್ಲಬ್ಬಿನ, ಛೇಡಿಸುವ, ಮತ್ತೇರಿದ ಹಾಡುಗಳು ಆಶಾ ಪಾಲಿಗೆ ಬಂದವು. ಓ.ಪಿ. ನಯ್ಯರ್, ಆಮೇಲೆ ಆರ್.ಡಿ. ಬರ್ಮನ್ ಆ ಕಂಠಕ್ಕಾಗಿಯೇ ಪಾಶ್ಚಾತ್ಯ ತಾಳಗಳನ್ನು ಪಳಗಿಸಿದರು. ‘ತೀಸ್ರಿ ಮಂಜಿಲ್’ (1966), ‘ಕಾರವಾನ್’ (1971), ‘ಹರೇ ರಾಮ ಹರೇ ಕೃಷ್ಣ’ (1971) ನೋಡಿದವರಿಗೆ ಇದು ಗೊತ್ತು. ಗಿಟಾರೂ ಢೋಲಕ್ಕೂ ಒಂದೇ ಕೋಣೆಯಲ್ಲಿ ಜಗಳವಿಲ್ಲದೆ ಕೂರಬಹುದು ಎಂದು ತೋರಿಸಿದ ಕಂಠ ಅದು. ಎರಡು ದೇಶಗಳ ಸಂಗೀತವನ್ನು ಒಂದೇ ಗೋಡೆಯೊಳಗೆ ಕೇಳುತ್ತಾ ಬೆಳೆದ ಹುಡುಗನಿಗೆ ಅದು ಹತ್ತಿರವಾದದ್ದು ಸಹಜ.

ಮೂಲೆಯಂಗಡಿಯ ಹುಡುಗರು

ಆ ಹುಡುಗ ತಜಿಂದರ್ ಸಿಂಗ್. ಹುಟ್ಟಿದ್ದು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ. ಈ ಊರಿನ ಹೆಸರಿಗೆ ಒಂದು ಚರಿತ್ರೆಯಿದೆ. ವಲಸಿಗರು ಹೆಚ್ಚಿದರೆ ನೆತ್ತರು ಹರಿದೀತೆಂದು 1968ರ ಏಪ್ರಿಲ್ 20ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಭಾಷಣ ಮಾಡಿ ಕುಖ್ಯಾತರಾದ ಈನೋಕ್ ಪೊವೆಲ್ ಇದೇ ಊರಿನ ಸಂಸತ್ ಸದಸ್ಯರು. ಬಸ್ಸಿನಲ್ಲಿ ದುಡಿಯುವ ಸಿಖ್ಖರು ಪಗಡಿ ಧರಿಸಬಹುದೇ ಎಂಬ ವಿವಾದ ಇಲ್ಲಿ ಎರಡು ವರ್ಷ ಎಳೆದಾಡಿ 1969ರಲ್ಲಿ ಸಿಖ್ಖರ ಪರವಾಗಿ ಮುಗಿಯಿತು. ಅಂಥ ಊರುಗಳಲ್ಲಿ ಭಾನುವಾರ ಬಾಡಿಗೆಗೆ ಹಿಡಿದ ಚಿತ್ರಮಂದಿರದಲ್ಲಿ ಹಿಂದಿ ಸಿನಿಮಾ ನೋಡುವುದು, ಮನೆಯಲ್ಲಿ ಅದರ ಹಾಡಿನ ತಟ್ಟೆ ಹಾಕುವುದು ವಲಸಿಗರಿಗೆ ಬರೀ ಮನರಂಜನೆಯಾಗಿರಲಿಲ್ಲ. ಹೊರಗಿನ ಚಳಿಗೂ ಹೊರಗಿನ ಮಾತಿಗೂ ಅದು ಕಂಬಳಿಯಂತಿತ್ತು.

ತಜಿಂದರ್, ಅವರ ಸೋದರ ಅವತಾರ್ ಸಿಂಗ್, ಬೆನ್ ಏಯರ್ಸ್, ಡೇವಿಡ್ ಚೇಂಬರ್ಸ್ ಸೇರಿ 1991ರಲ್ಲಿ ಲೆಸ್ಟರ್ ನಗರದಲ್ಲಿ ತಂಡ ಕಟ್ಟಿದರು. ಲೆಸ್ಟರಿಗೂ ಒಂದು ನೆನಪುಂಟು. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಏಷ್ಯನ್ನರನ್ನು ಓಡಿಸಿದಾಗ, ದಯವಿಟ್ಟು ನಮ್ಮೂರಿಗೆ ಬರಬೇಡಿ ಎಂಬರ್ಥದ ಜಾಹೀರಾತನ್ನು ಉಗಾಂಡಾದ ಪತ್ರಿಕೆಯಲ್ಲಿ ಹಾಕಿಸಿದ್ದು ಇದೇ ನಗರದ ಆಡಳಿತ. ಬಂದವರು ಬಂದರು, ನಿಂತರು, ಅಂಗಡಿ ಇಟ್ಟರು. ಬೀದಿಯ ಮೂಲೆಯಲ್ಲಿ ಹೊತ್ತಲ್ಲದ ಹೊತ್ತಿನವರೆಗೂ ತೆರೆದಿರುವ ಅಂಗಡಿ ಎಂದರೆ ಅದು ಏಷ್ಯನ್ನರದ್ದೇ ಎಂಬುದು ಬ್ರಿಟಿಷರ ಮಾತಿನಲ್ಲಿ ಹಾಸ್ಯವಾಯಿತು, ಕೆಲವೊಮ್ಮೆ ಹೀಯಾಳಿಕೆಯಾಯಿತು. ಆ ಹೀಯಾಳಿಕೆಯನ್ನೇ ಎತ್ತಿಕೊಂಡು ತಂಡ ತನ್ನ ಹೆಸರಾಗಿ ಬರೆದುಕೊಂಡಿತು. 1993ರಲ್ಲಿ ಬಂದ ಮೊದಲ ಮುದ್ರಿಕೆಯನ್ನು ‘ಕರಿ’ಯ, ಅಂದರೆ ಮಸಾಲೆ ಸಾರಿನ, ಬಣ್ಣದ ವಿನೈಲಿನಲ್ಲಿ ಒತ್ತಿಸಿದರು.

ಹಾಡಿಗೆ ಮೊದಲೇ ಅವರಿಗೆ ಹೆಸರು ತಂದದ್ದು ಒಂದು ಬೆಂಕಿ. ಸಣ್ಣ ಸ್ವತಂತ್ರ ಕಂಪೆನಿಗಳ ಸಂಗೀತ, ಅಂದರೆ ‘ಇಂಡಿ’ ಸಂಗೀತದ ಆರಾಧ್ಯ ದೈವ ಎನಿಸಿದ್ದವರು ದಿ ಸ್ಮಿತ್ಸ್ ತಂಡದ ಗಾಯಕರಾಗಿದ್ದ ಮಾರಿಸ್ಸಿ. 1992ರ ಆಗಸ್ಟಿನಲ್ಲಿ ಲಂಡನ್ನಿನ ಫಿನ್ಸ್‌ಬರಿ ಪಾರ್ಕಿನ ವೇದಿಕೆಯಲ್ಲಿ ಅವರು ಬ್ರಿಟಿಷ್ ಧ್ವಜ ಹಿಡಿದು ನಿಂತಾಗ, ಜನಾಂಗದ್ವೇಷಿಗಳೊಡನೆ ಸರಸವಾಡುತ್ತಿದ್ದಾರೆಂಬ ಟೀಕೆ ಎದ್ದಿತು. ಕಾರ್ನರ್‌ಶಾಪ್ ಹುಡುಗರು ನೇರವಾಗಿ ಇಎಂಐ ಕಂಪೆನಿಯ ಕಚೇರಿಯೆದುರು ಹೋಗಿ ಮಾರಿಸ್ಸಿಯ ಚಿತ್ರವನ್ನು ಸುಟ್ಟರು. ಇಲ್ಲೊಂದು ಕಾಕತಾಳೀಯ ಗಮನಿಸಬೇಕು. ಮಾರಿಸ್ಸಿಯ ಮುದ್ರಿಕೆಗಳು ಆಗ ಬರುತ್ತಿದ್ದದ್ದು ಇಎಂಐ ಒಡೆತನದ ಎಚ್‌ಎಂವಿ ಹೆಸರಿನಲ್ಲಿ. ಆಶಾ ಅವರ ತಟ್ಟೆಗಳನ್ನು ಭಾರತದಲ್ಲಿ ದಶಕಗಳ ಕಾಲ ಒತ್ತಿದ ಅದೇ ಎಚ್‌ಎಂವಿ.

ಮೊದಲ ದಿನಗಳ ಕಾರ್ನರ್‌ಶಾಪ್ ಕೇಳಲು ಒರಟು. ಸದ್ದು ಹೆಚ್ಚು, ಹದ ಕಡಿಮೆ. ಆದರೂ ಟಾಕಿಂಗ್ ಹೆಡ್ಸ್ ತಂಡದ ಡೇವಿಡ್ ಬರ್ನ್ ಆ ಸದ್ದಿನಲ್ಲಿ ಏನನ್ನೋ ಕಂಡು ಅಮೆರಿಕದ ತಮ್ಮ ಲುಆಕಾ ಬಾಪ್ ಕಂಪೆನಿಗೆ ಅವರನ್ನು ಸೇರಿಸಿಕೊಂಡರು. ಮೂರನೆಯ ಆಲ್ಬಮ್ಮಿನ ಹೊತ್ತಿಗೆ ಮೂಲ ತಂಡದಲ್ಲಿ ಉಳಿದವರು ತಜಿಂದರ್ ಮತ್ತು ಬೆನ್ ಇಬ್ಬರೇ. ಸಿತಾರ್ ನುಡಿಸುತ್ತಿದ್ದವರು ಆಂಟನಿ ಸ್ಯಾಫರಿ ಎಂಬ ಆಂಗ್ಲರು, ಹಾಡುತ್ತಿದ್ದವರು ಪಂಜಾಬಿ. ಪೂರ್ವ ಪಶ್ಚಿಮಗಳ ಬಗ್ಗೆ ಭಾಷಣ ಮಾಡುವವರು ಈ ವಿವರವನ್ನು ನೆನಪಿಡಬಹುದು.

‘ವೆನ್ ಐ ವಾಸ್ ಬಾರ್ನ್ ಫಾರ್ ದ ಸೆವೆಂತ್ ಟೈಮ್’ ಎಂಬ ಆ ಆಲ್ಬಮ್ 1997ರ ಸೆಪ್ಟೆಂಬರಿನಲ್ಲಿ ಬಂತು. ಏಳನೆಯ ಜನ್ಮ ಎಂಬ ಮಾತು ನಮಗೇನೂ ಹೊಸದಲ್ಲ. ಕವಿ ಆಲನ್ ಗಿನ್ಸ್‌ಬರ್ಗ್ ಅವರ ಧ್ವನಿ ಅದರಲ್ಲಿದೆ. ಆಲ್ಬಮ್ ಬರುವ ಮೊದಲೇ, ಅದೇ ಏಪ್ರಿಲಿನಲ್ಲಿ, ಅವರು ತೀರಿಕೊಂಡಿದ್ದರು. ಕೊನೆಯ ಹಾಡು ಬೀಟಲ್ಸ್‌ನ ‘ನಾರ್ವೇಜಿಯನ್ ವುಡ್’, ಆದರೆ ಪಂಜಾಬಿಯಲ್ಲಿ. 1965ರಲ್ಲಿ ಜಾರ್ಜ್ ಹ್ಯಾರಿಸನ್ ಸಿತಾರ್ ನುಡಿಸಿ ಇಂಗ್ಲಿಷ್ ಪಾಪ್ ಸಂಗೀತದೊಳಗೆ ಭಾರತವನ್ನು ತಂದ ಹಾಡು ಅದು. ಆ ಸಾಲವನ್ನು ವುಲ್ವರ್‌ಹ್ಯಾಂಪ್ಟನ್ನಿನ ಹುಡುಗ ಮೂವತ್ತೆರಡು ವರ್ಷಗಳ ಬಳಿಕ ವಸೂಲಿ ಮಾಡಿದಂತಿತ್ತು. ಅಮೆರಿಕದ ‘ಸ್ಪಿನ್’ ಪತ್ರಿಕೆ ಆ ವರ್ಷದ ಶ್ರೇಷ್ಠ ಆಲ್ಬಮ್ ಎಂದು ಇದನ್ನೇ ಆರಿಸಿತು.

ಮೊದಲ ಬಿಡುಗಡೆ

ಹಾಡನ್ನು ಪ್ರಕಟಿಸಿದ್ದು ವೀಜಾ ಎಂಬ ಕಂಪೆನಿ. ಅದರ ಹೆಸರು ಹುಟ್ಟಿದ ಬಗೆ ಇಂಡಿ ಲೋಕಕ್ಕೆ ಒಪ್ಪುವಂಥದು. ಲಂಡನ್ನಿನ ಟಾಲ್ಬಟ್ ರಸ್ತೆಯಲ್ಲಿರುವ ರಫ್ ಟ್ರೇಡ್ ಎಂಬ ಧ್ವನಿಮುದ್ರಿಕೆಗಳ ಅಂಗಡಿಯಲ್ಲಿ ದುಡಿಯುತ್ತಿದ್ದವರು ಸ್ವಂತ ಕಂಪೆನಿ ತೆರೆದಾಗ, ಅಂಗಡಿಯ ಅಂಚೆ ಸಂಕೇತ ‘ಡಬ್ಲ್ಯು 11 1ಜೆಎ’ ಎಂಬುದನ್ನೇ ಒಂದು ಪದದಂತೆ ಓದಿ ಹೆಸರಿಟ್ಟರು. ಹೆಸರಿಗೂ ಖರ್ಚಿಲ್ಲ!

1997ರ ಆಗಸ್ಟ್ 18ರ ಸೋಮವಾರ ‘ಬ್ರಿಮ್‌ಫುಲ್ ಆಫ್ ಆಶಾ’ ಅಂಗಡಿಗಳಿಗೆ ಬಂತು. ಭಾರತ ಸ್ವಾತಂತ್ರ್ಯದ ಐವತ್ತನೆಯ ವರ್ಷಾಚರಣೆ ಮುಗಿದು ಮೂರೇ ದಿನ. ಹಾಡಿನಲ್ಲಿ ಗಿಟಾರಿನ ಮೂರು ಸ್ವರಮೇಳಗಳು ಅವಸರವಿಲ್ಲದೆ ಸುತ್ತಿ ಸುತ್ತಿ ಬರುತ್ತವೆ. ತಜಿಂದರ್ ಹಾಡುವ ರೀತಿಯೂ ಹಾಗೆಯೇ, ಹೊಸ್ತಿಲ ಮೇಲೆ ಕುಳಿತು ಗುನುಗಿದಂತೆ. ಹಿಂದಿ ಚಿತ್ರಗೀತೆಯ ಬಗ್ಗೆ ಹಾಡುತ್ತಾ ಹಿಂದಿ ಚಿತ್ರಗೀತೆಯನ್ನು ಅಣಕಿಸುವ, ಅನುಕರಿಸುವ ಗೋಜಿಗೆ ಅವರು ಹೋಗಿಲ್ಲ. ಅದೇ ಅದರ ದೊಡ್ಡತನ. ವೀಡಿಯೊ ಕೂಡ ಸರಳ: ಕೋಣೆಯೊಂದರಲ್ಲಿ ಹುಡುಗಿಯೊಬ್ಬಳು ತಟ್ಟೆಗಳನ್ನು ಹಾಕಿ ಕೇಳುತ್ತಿರುತ್ತಾಳೆ, ಅವುಗಳ ಹೊದಿಕೆಯ ಮೇಲೆ ತಂಡ ಹಾಡುತ್ತಿರುತ್ತದೆ.

ಮಾರಾಟ ಮಾತ್ರ ನೀರಸ. 60ನೆಯ ಸ್ಥಾನ ಎಂದರೆ ರೇಡಿಯೊದಲ್ಲಿ ಓದುವ ನಲವತ್ತರ ಪಟ್ಟಿಯ ಹೊರಗೆ. ಇದ್ದೂ ಇಲ್ಲದ ಲೆಕ್ಕ. ಆ ತಿಂಗಳ ಕೊನೆಯ ದಿನ ರಾಜಕುಮಾರಿ ಡಯಾನಾ ತೀರಿಕೊಂಡರು. ಬಳಿಕ ಕೆಲವು ವಾರ ಇಡೀ ಬ್ರಿಟನ್ ಕೇಳಿದ್ದು ಎಲ್ಟನ್ ಜಾನ್ ಅವರ ಶೋಕಗೀತೆಯೊಂದನ್ನೇ.

ಹಾಡನ್ನು ಕೈಬಿಡದವರು ಒಬ್ಬರಿದ್ದರು. ಬಿಬಿಸಿಯಲ್ಲಿ ರಾತ್ರಿಯ ಕಾರ್ಯಕ್ರಮ ನಡೆಸುತ್ತಿದ್ದ ಜಾನ್ ಪೀಲ್. ಯಾರೂ ಕೇಳದ ತಂಡಗಳನ್ನು ಹುಡುಕಿ ಕೇಳಿಸುವುದೇ ಅವರ ಕಸುಬು. ವರ್ಷದ ಕೊನೆಗೆ ಅವರ ಕೇಳುಗರು ಮತ ಹಾಕಿ ಆರಿಸುವ ‘ಫೆಸ್ಟಿವ್ ಫಿಫ್ಟಿ’ ಎಂಬ ಪಟ್ಟಿಗೆ ಇಂಡಿ ವಲಯದಲ್ಲಿ ಬಹಳ ಗೌರವ. 1997ರ ಆ ಪಟ್ಟಿಯ ನೆತ್ತಿಯಲ್ಲಿ ಕುಳಿತದ್ದು ‘ಬ್ರಿಮ್‌ಫುಲ್ ಆಫ್ ಆಶಾ’. ಆಗ ಇದ್ದದ್ದು ನಿಧಾನಗತಿಯ ಮೂಲ ಹಾಡು ಎಂಬುದನ್ನು ಮರೆಯಬಾರದು. ಮರುಮಿಶ್ರಣ ಬಂದ ಮೇಲೆಯೇ ಹಾಡಿಗೆ ಬೆಲೆ ಬಂತೆನ್ನುವುದು ಪೂರ್ತಿ ಸರಿಯಲ್ಲ. ಬಲ್ಲವರು ಮೊದಲೇ ಬಲ್ಲರು.

ವೇಗ ಹೆಚ್ಚಿದಾಗ

ಬ್ರೈಟನ್ನಿನ ನಾರ್ಮನ್ ಕುಕ್ ಹಾಡು ಕೇಳಿ ಮೆಚ್ಚಿ ಮರುಮಿಶ್ರಣಕ್ಕೆ ತಾವಾಗಿಯೇ ಮುಂದಾದರು. ಕುಕ್ ಆಟದಲ್ಲಿ ಪಳಗಿದವರು. 1986ರಲ್ಲಿ ಹೌಸ್‌ಮಾರ್ಟಿನ್ಸ್ ತಂಡದ ಬೇಸ್ ಗಿಟಾರ್ ವಾದಕರಾಗಿ, 1990ರಲ್ಲಿ ಬೀಟ್ಸ್ ಇಂಟರ್‌ನ್ಯಾಷನಲ್ ಹೆಸರಿನಲ್ಲಿ ಪಟ್ಟಿಯ ತುದಿ ಮುಟ್ಟಿದ್ದರು. ಈಗ ‘ಫ್ಯಾಟ್‌ಬಾಯ್ ಸ್ಲಿಮ್’ ಎಂಬ ಹೆಸರಿನಲ್ಲಿ ನೃತ್ಯಸಂಗೀತದ ತಟ್ಟೆಗಳನ್ನು ಹೊರತರುತ್ತಿದ್ದರು.

ಅವರು ಮಾಡಿದ್ದು ಕೇಳಲು ಸರಳ. ಹಾಡಿನ ಓಟ ಹೆಚ್ಚಿಸಿದರು. ಓಟದ ಜೊತೆ ಶ್ರುತಿಯೂ ಏರಿತು, ತಜಿಂದರ್ ಅವರ ಜೋಮು ಹಿಡಿದಂಥ ಕಂಠಕ್ಕೆ ಹರೆಯ ಬಂದಂತಾಯಿತು. ಕೆಳಗೆ ಅಂಗಳ ನಡುಗಿಸುವಂಥ ಡ್ರಮ್ಮಿನ ಪೆಟ್ಟು ಸೇರಿಸಿದರು. ಪಲ್ಲವಿಯನ್ನು ಮುಂದಕ್ಕೆ ತಂದರು. ಹಳೆಯ ಪ್ಲೇಟುಗಳನ್ನು ತಪ್ಪು ವೇಗದಲ್ಲಿಟ್ಟು ಮೋಜು ನೋಡಿದ ಮಕ್ಕಳಿಗೆಲ್ಲ ಈ ವಿದ್ಯೆ ಗೊತ್ತು. ಯಾವ ಹಾಡಿಗೆ ಎಷ್ಟು ಎಂಬ ಅಂದಾಜು ಮಾತ್ರ ಎಲ್ಲರಿಗೂ ಸಿಗುವುದಿಲ್ಲ. ನಲವತ್ತೈದರ ತಟ್ಟೆಗಳ ಹಾಡು ಕೊನೆಗೆ ವೇಗ ಬದಲಿಸಿಯೇ ಗೆದ್ದಿತು ಎಂಬುದು ಯಾರೂ ಬೇಕೆಂದು ಮಾಡಿದ ಶ್ಲೇಷೆಯಲ್ಲ.

1998ರ ಫೆಬ್ರುವರಿ 16ರಂದು ಅದು ಬಿಡುಗಡೆಯಾಯಿತು. ಆರೇ ದಿನದಲ್ಲಿ ಅಗ್ರಸ್ಥಾನ. ಆ ಕಾಲದ ಮಾರಾಟವೆಲ್ಲ ಹೆಚ್ಚಾಗಿ ಸಿಡಿಯಲ್ಲಿ. ವಿನೈಲ್ ತಟ್ಟೆಯ ಸ್ತೋತ್ರವನ್ನು ಜನ ಕೊಂಡದ್ದು ವಿನೈಲನ್ನು ಮೂಲೆಗೊತ್ತಿದ ಬೆಳ್ಳಿಬಿಲ್ಲೆಯ ಮೇಲೆ. ಕುಕ್ ಅವರಿಗೂ ಆ ವರ್ಷ ಸುಗ್ಗಿ. ಅಕ್ಟೋಬರಿನಲ್ಲಿ ಬಂದ ಅವರ ಸ್ವಂತ ಆಲ್ಬಮ್ ಜಗತ್ತಿನಾದ್ಯಂತ ಹೋಯಿತು.

ಗೆದ್ದವರು ಯಾರು?

ಮೂಲ ಹಾಡನ್ನು ಪ್ರೀತಿಸಿದ್ದವರು ಗೊಣಗಿದರು. ಆತ್ಮ ತೆಗೆದು ತಾಳ ತುಂಬಿದ್ದಾರೆ, ಬಿಳಿಯ ನೃತ್ಯಸಂಗೀತಗಾರರೊಬ್ಬರ ಕೈ ತಾಗಿದ ಮೇಲಷ್ಟೇ ಏಷ್ಯನ್ನರ ಹಾಡು ಬ್ರಿಟನ್ನಿಗೆ ರುಚಿಸಿತು ಎಂಬುದು ಆಕ್ಷೇಪಣೆ. ಅದರಲ್ಲಿ ಹುರುಳಿಲ್ಲದಿಲ್ಲ. ಆ ದಿನಗಳಲ್ಲಿ ಭಾರತದ ಬಗ್ಗೆ ಬ್ರಿಟನ್ನಿನ ಪಾಪ್ ಲೋಕಕ್ಕಿದ್ದ ಒಲವು ವಿಚಿತ್ರವಾದದ್ದು. 1996ರಲ್ಲಿ ಕುಲಾ ಶೇಕರ್ ಎಂಬ ಬಿಳಿಯರ ತಂಡ ‘ಗೋವಿಂದ’ ಎಂದು ಸಂಸ್ಕೃತದಲ್ಲೇ ಹಾಡಿ ಮೊದಲ ಹತ್ತರೊಳಗೆ ಬಂದಿತ್ತು. 1997ರ ಜನವರಿಯಲ್ಲಿ ‘ವೈಟ್ ಟೌನ್’ ಎಂಬ ಹೆಸರಿನಲ್ಲಿ ಮನೆಯಲ್ಲೇ ಧ್ವನಿಮುದ್ರಿಸಿದ ಹಾಡೊಂದು ಅಗ್ರಸ್ಥಾನಕ್ಕೇರಿತು. ಅದನ್ನು ರಚಿಸಿದ ಜ್ಯೋತಿ ಮಿಶ್ರಾ ಒರಿಸ್ಸಾದ ರೂರ್ಕೆಲಾದಲ್ಲಿ ಹುಟ್ಟಿದವರು. ಆದರೆ ಆ ಹಾಡಿನಲ್ಲಾಗಲಿ ಹೆಸರಿನಲ್ಲಾಗಲಿ ಭಾರತದ ಸುಳಿವಿರಲಿಲ್ಲ. ಮುಖವೂ ಹೆಸರೂ ನೆನಪೂ ಎಲ್ಲ ಒಟ್ಟಿಗೆ ಎದುರಿಗಿಟ್ಟು ಗೆದ್ದದ್ದು ಕಾರ್ನರ್‌ಶಾಪ್. ಹಾಗೆ ಗೆಲ್ಲಲು ಮರುಮಿಶ್ರಣ ಬೇಕಾಯಿತು ಎಂಬುದು ಚುಚ್ಚುತ್ತದೆ.

ಆದರೆ ಮರುಮಿಶ್ರಣವನ್ನು ಪಾಪವೆಂದು ತಳ್ಳಿಹಾಕುವುದೂ ಕಷ್ಟ. ಕುಕ್ ಹೆಸರುಗಳನ್ನು ಕಿತ್ತುಹಾಕಲಿಲ್ಲ. ರಫಿ, ಲತಾ, ಆಲ್ ಇಂಡಿಯಾ ರೇಡಿಯೊ, ಟೂ ಇನ್ ಒನ್ ಎಲ್ಲವೂ ಆ ಡ್ರಮ್ಮಿನ ನಡುವೆಯೇ ಇವೆ. ಅರ್ಥ ತಿಳಿಯದೆಯೇ ಇಂಗ್ಲೆಂಡಿನ ಜನ ಅವನ್ನು ಬಾಯಿತುಂಬ ಕೂಗಿದರು. ಹೀಯಾಳಿಕೆಯಾಗಿದ್ದ ‘ಮೂಲೆಯಂಗಡಿ’ ಎಂಬ ಮಾತು ಪಟ್ಟಿಯ ತುದಿಯಲ್ಲಿ ಕುಳಿತಾಗ, ಶಾಲೆಯಂಗಳದಲ್ಲಿ ಅದೇ ಮಾತಿನಿಂದ ಪೆಟ್ಟು ತಿಂದ ಮಕ್ಕಳಿಗೆ ಏನನ್ನಿಸಿರಬೇಕು? ಇನ್ನು ಆಶಾ ಅವರೇ ಈ ಕಲೆಯನ್ನು ದೂರವಿಟ್ಟವರಲ್ಲ. ತೊಂಬತ್ತರ ದಶಕದಲ್ಲಿ ಲೆಸ್ಲಿ ಲೂಯಿಸ್ ಜೊತೆ ಸೇರಿ ಆರ್.ಡಿ. ಬರ್ಮನ್ ಹಾಡುಗಳನ್ನು ‘ರಾಹುಲ್ ಅಂಡ್ ಐ’ ಎಂಬ ಹೆಸರಿನಲ್ಲಿ ಹೊಸ ತಾಳಕ್ಕೆ ಕೂರಿಸಿದ್ದರು. ಹಾಡು ಒಮ್ಮೆ ತಟ್ಟೆಯಾದ ಮೇಲೆ ಅದನ್ನು ಯಾವ ವೇಗದಲ್ಲಿ ತಿರುಗಿಸಬೇಕೆಂಬುದು ಹಾಡಿದವರ ಕೈಯಲ್ಲಿ ಉಳಿಯುವುದಿಲ್ಲ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದರೆ ಒಂದು ವ್ಯತ್ಯಾಸ ಗೋಚರಿಸುತ್ತದೆ. ಮೂಲ ಹಾಡು ಕೇಳುವವನ ಹಾಡು. ಅದರಲ್ಲಿ ಒಂಟಿ ಕೋಣೆಯಿದೆ, ತಿರುಗುವ ತಟ್ಟೆಯಿದೆ. ಮರುಮಿಶ್ರಣ ಕುಣಿಯುವವರ ಹಾಡು. ಅಲ್ಲಿ ಕೋಣೆಯ ಬಾಗಿಲು ತೆರೆದಿದೆ, ಕರೆಯದವರೂ ಒಳಬಂದಿದ್ದಾರೆ. ಆಶಾ ಭೋಸಲೆ ಯಾರೆಂದು ತಿಳಿಯಬಯಸುವವರಿಗೆ ಮೊದಲನೆಯದೇ ಮೇಲು.

ತಂಡಕ್ಕೆ ಅಂಥ ಯಶಸ್ಸು ಮತ್ತೆ ದಕ್ಕಲಿಲ್ಲ. ಬೆನ್ನಿಗೇ ಬಂದ ‘ಸ್ಲೀಪ್ ಆನ್ ದ ಲೆಫ್ಟ್ ಸೈಡ್’ 23ನೆಯ ಸ್ಥಾನಕ್ಕೆ ನಿಂತಿತು. ಒಂದೇ ಹಾಡಿನ ತಂಡ ಎಂಬ ಹಣೆಪಟ್ಟಿ ಅಂಟಿಕೊಂಡಿತು. ತಜಿಂದರ್ ಮತ್ತು ಬೆನ್ ಅದನ್ನು ತಲೆಗೆ ಹಚ್ಚಿಕೊಂಡಂತಿಲ್ಲ. ಗೆದ್ದ ಸೂತ್ರವನ್ನೇ ಮತ್ತೆ ತಿರುಗಿಸುವ ಬದಲು ಆಂಪಲ್ ಪ್ಲೇ ಎಂಬ ಸ್ವಂತ ಕಂಪೆನಿ ಕಟ್ಟಿಕೊಂಡರು. 2011ರಲ್ಲಿ ಬಬ್ಲಿ ಕೌರ್ ಎಂಬ ಗಾಯಕಿಯೊಡನೆ ಪಂಜಾಬಿಯಲ್ಲೇ ಪೂರ್ತಿ ಒಂದು ಆಲ್ಬಮ್ ಹೊರತಂದರು. 2020ರ ಮಾರ್ಚಿನಲ್ಲಿ ಬಂದ ‘ಇಂಗ್ಲೆಂಡ್ ಈಸ್ ಎ ಗಾರ್ಡನ್’ ವಿಮರ್ಶಕರ ಮೆಚ್ಚುಗೆ ಗಳಿಸಿತು.

ಪಾಶ್ಚಾತ್ಯರಲ್ಲಿ ಆಶಾ ಅವರ ಹೆಸರು ಈ ಹಾಡಿನಿಂದಲೇ ಹುಟ್ಟಿತು ಎನ್ನಲಾಗದು. 1991ರಲ್ಲೇ ಅವರು ಬಾಯ್ ಜಾರ್ಜ್ ಜೊತೆ ‘ಬೌ ಡೌನ್ ಮಿಸ್ಟರ್’ನಲ್ಲಿ ಹಾಡಿದ್ದರು. ಆದರೆ ಅಮೆರಿಕದ ಕ್ರೊನೋಸ್ ಕ್ವಾರ್ಟೆಟ್ 2005ರಲ್ಲಿ ಅವರೊಡನೆ ಬರ್ಮನ್ ಗೀತೆಗಳನ್ನು ಧ್ವನಿಮುದ್ರಿಸಿದಾಗ, 2011ರಲ್ಲಿ ಅತಿ ಹೆಚ್ಚು ಹಾಡುಗಳನ್ನು ಧ್ವನಿಮುದ್ರಿಸಿದ ಕಲಾವಿದೆ ಎಂದು ಗಿನ್ನೆಸ್ ದಾಖಲೆ ಲಂಡನ್ನಿನಲ್ಲಿ ಅವರ ಹೆಸರು ಬರೆದುಕೊಂಡಾಗ, ಆ 1998ರ ಹಾಡನ್ನು ನೆನೆಯದೆ ಆ ಹೆಸರನ್ನು ಕೇಳಿದ ಬ್ರಿಟಿಷರು ಕಡಿಮೆ ಇದ್ದಿರಬೇಕು.

ಶೀರ್ಷಿಕೆಯೂ ಹಾಡನ್ನು ಬಿಟ್ಟು ತನ್ನ ದಾರಿ ಹಿಡಿಯಿತು. ಕೆನಡಾದ ಟೊರಾಂಟೊದಲ್ಲಿ 2012ರಲ್ಲಿ ‘ಎ ಬ್ರಿಮ್‌ಫುಲ್ ಆಫ್ ಆಶಾ’ ಎಂಬ ನಾಟಕ ರಂಗಕ್ಕೆ ಬಂತು. ರಂಗಕರ್ಮಿ ರವಿ ಜೈನ್ ಮತ್ತು ಅವರ ತಾಯಿ ಇಬ್ಬರೇ ಪಾತ್ರಧಾರಿಗಳು. ಭಾರತ ಪ್ರವಾಸಕ್ಕೆ ಹೊರಟ ಮಗನಿಗೆ ಹೆತ್ತವರು ಹೆಣ್ಣು ನೋಡಲು ಹೊರಟ ನಿಜ ಪ್ರಸಂಗವೇ ಕಥೆ. ತಾಯಿ ವೃತ್ತಿಯಿಂದ ನಟಿಯಲ್ಲ. ಅವರ ಹೆಸರು ಆಶಾ. ನಾಟಕ ಶುರುವಾಗುವ ಮುನ್ನ ಅವರು ಪ್ರೇಕ್ಷಕರನ್ನು ಬರಮಾಡಿಕೊಂಡು ಸಮೋಸ ಕೊಡುತ್ತಿದ್ದರು.